ನಲವತ್ತು ಗಜದ ಗೆರೆ

ಅವರ ಬಲಗೈಯ ಹೆಬ್ಬೆರಳು ಒಂದು ಗಳಿಗೆ ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಕೈಯಲ್ಲಿ ಸ್ಟಾಪ್‌ವಾಚ್ ಇರಲಿ, ಬಿಡಲಿ, ಬೆರಳು ಮಾತ್ರ ಒತ್ತುತ್ತಲೇ ಇರುತ್ತಿತ್ತು. ಲಿಫ್ಟ್ ತಡವಾದರೆ ಒತ್ತು, ಸಿಗ್ನಲ್ ಹಸಿರಾದರೆ ಒತ್ತು, ಮೈಕ್ರೋವೇವ್ ತಿರುಗತೊಡಗಿದರೆ ಒತ್ತು. ಇಲ್ಲಿ ವಾರದ ರಜೆಯಾದ ಶುಕ್ರವಾರ ಚರ್ಚಿನಲ್ಲಿ ಪಾದ್ರಿಗಳು ಪ್ರಸಂಗಕ್ಕೆ ನಿಂತಾಗಲೂ ಒತ್ತುತ್ತಿದ್ದರಂತೆ. ಅವರ ಹೆಂಡತಿಯೇ ಹೇಳಿ ನಕ್ಕಿದ್ದರು. ಬೆರಳ ತುದಿಯ ಚರ್ಮ ದಪ್ಪಗಟ್ಟಿ, ತಿಕ್ಕಿದ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು.

ನಾವೆಲ್ಲ ಅವರನ್ನು ಕೋಚ್ ಎಂದೇ ಕರೆಯುತ್ತಿದ್ದೆವು. ಹೊಟ್ಟೆಪಾಡಿಗೆ ಅಬುಧಾಬಿಯ ಒಂದು ಹೋಟೆಲಿನಲ್ಲಿ ಬ್ಯಾಂಕ್ವೆಟ್ ಸೂಪರ್‌ವೈಸರ್. ಮದುವೆ, ಮೀಟಿಂಗುಗಳ ಊಟದ ಉಸ್ತುವಾರಿ. ಮಂಗಳೂರಿನ ಕಡೆಯ ಕೊಂಕಣಿ ಮಾತಿನವರು. ಚಿಕ್ಕ ವಯಸ್ಸಿನಲ್ಲಿ ಸೌದಿಯ ಒಂದು ತೈಲ ಕಂಪನಿಯ ಕ್ಯಾಂಪಿನಲ್ಲಿ ಅಡುಗೆಮನೆಯ ಕೆಲಸಕ್ಕಿದ್ದಾಗ ಅಲ್ಲಿಯ ಅಮೆರಿಕನ್ ಎಂಜಿನಿಯರುಗಳ ಜೊತೆ ಸೇರಿ ಅವರ ಆಟ ಕಲಿತಿದ್ದರು. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಓಡುವ, ಅಡ್ಡ ಬಂದವನನ್ನು ನೆಲಕ್ಕೆ ಕೆಡವುವ ಅಮೆರಿಕದ ಫುಟ್‌ಬಾಲ್. ಸಂಜೆಯ ಹೊತ್ತು ಒಂದು ಶಾಲೆಯ ಮೈದಾನದಲ್ಲಿ ದೊಡ್ಡ ಹುಡುಗರಿಗೆ ಅದನ್ನು ಕಲಿಸುತ್ತಿದ್ದರು.

ನಾನು ದಾವಣಗೆರೆಯವಳು. ಅಬುಧಾಬಿಯ ಖಾಲಿದಿಯಾದಲ್ಲಿ ನಮ್ಮ ಫ್ಲ್ಯಾಟ್, ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ. ಯಜಮಾನರ ಕಂಪನಿ ಫೀಸು ಕಟ್ಟುತ್ತದೆಂದು ಮಗನನ್ನು ಅಮೆರಿಕನ್ ಸಿಲಬಸ್ಸಿನ ಶಾಲೆಗೆ ಹಾಕಿದ್ದೆವು. ಅವನು ಅಲ್ಲಿಂದ ಈ ಆಟ ಹಚ್ಚಿಕೊಂಡು ಬಂದ. ಮೊದಲ ದಿನ ಹೆಲ್ಮೆಟ್ಟು, ಭುಜಕ್ಕೆ ಪ್ಲಾಸ್ಟಿಕ್ಕಿನ ಕವಚ ಹಾಕಿಕೊಂಡು ನಿಂತವನನ್ನು ನೋಡಿ ನಾನು, "ಏನಪ್ಪಾ ಇದು, ಸ್ಕೂಟರ್‌ ಮೇಲೆ ಕುಸ್ತಿಗೆ ಹೊಂಟಂಗೈತಲ್ಲ," ಅಂದೆ. ಅವನು ಎಂದಿನಂತೆ ಇಂಗ್ಲಿಷಿನಲ್ಲಿ ಗೊಣಗಿ ಕಾರು ಹತ್ತಿದ.

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಬೇರೆ ತಾಯಂದಿರು ಮಡಚುವ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರೆ ನಾನು ಮೈದಾನದ ಸುತ್ತ ಸುತ್ತುತ್ತಿದ್ದೆ. ಕೋಚೂ ಹಾಗೇ ಸುತ್ತುವವರು. ಎದುರುಬದುರಾಗಿ ಸಿಕ್ಕಿದಾಗಲೆಲ್ಲ, "ಎಂತ ಅಕ್ಕ, ನಿಮ್ಮನ್ನೇ ಟೀಮಿಗೆ ಸೇರಿಸುವುದಾ?" ಎಂದು ನಗಾಡುತ್ತಿದ್ದರು. "ಸೇರಿಸ್ಕೊಳ್ರೀ ಸರ್, ನಿಮ್ಮ ಹುಡುಗರು ಒಬ್ಬರೂ ಉಳಿಯಂಗಿಲ್ಲ," ಎಂದು ನಾನು.

ಅಳತೆಯ ವಿಷಯಕ್ಕೆ ಬಂದರೆ ಮಾತ್ರ ಆ ನಗು ಮಾಯ. ಈ ಆಟದಲ್ಲಿ ಮುಂದಕ್ಕೆ ಹೋಗಬೇಕಾದರೆ ಅಮೆರಿಕದ ಕಾಲೇಜಿನವರು ಮೊದಲು ಕೇಳುವುದು ಮೂರೇ: ಎತ್ತರ ಎಷ್ಟು, ತೂಕ ಎಷ್ಟು, ನಲವತ್ತು ಗಜ ಎಷ್ಟು ಸೆಕೆಂಡಿನಲ್ಲಿ ಓಡುತ್ತಾನೆ. ಆಟ ಹೇಗೆ ಎಂಬುದು ಆಮೇಲೆ. ಎಲ್ಲೆಡೆಯ ಕೋಚುಗಳೂ ಎತ್ತರಕ್ಕೆ ಒಂದಿಂಚು ಸೇರಿಸಿ, ಓಟದಲ್ಲಿ ಚೂರು ಕಳೆದು ಬರೆಯುತ್ತಾರೆಂದು ಅಲ್ಲಿ ಕೂತ ಅಪ್ಪಂದಿರೇ ಹೇಳುತ್ತಿದ್ದರು. ಇವರು ಅದಕ್ಕೆ ಜಪ್ಪಯ್ಯ ಅಂದರೂ ಒಪ್ಪರು. ಗೋಡೆಗೆ ನಿಲ್ಲಿಸಿ, "ಶೂ ತೆಗಿ. ಸಾಕ್ಸ್ ತೆಗಿ. ಉಸಿರು ಬಿಡು," ಎನ್ನುವರು. ಹಿಮ್ಮಡಿ ಎತ್ತುವ ಕಳ್ಳರಿಗೆಂದೇ ಬಗ್ಗಿ ಕಾಲಡಿ ಕೈ ತೂರಿಸಿ ನೋಡುವರು. ಅವರ ಮಾತೊಂದಿತ್ತು: "ಗಡಿಯಾರಕ್ಕೆ ಮೋರೆ ನೋಡ್ಲಿಕ್ಕೆ ಗೊತ್ತಿಲ್ಲ." ಯಾರ ಮಗ, ಯಾವ ದೇಶದವ, ಅಪ್ಪನದು ಯಾವ ಕಾರು, ಗಡಿಯಾರಕ್ಕೆ ಬೇಕಿಲ್ಲ ಎಂದು ಅದರ ಅರ್ಥ.

ಓಟಕ್ಕೆ ಮೈದಾನದ ಅಂಚಿನಲ್ಲಿ ಸಿಂಥೆಟಿಕ್ ಹಾಸಿನ ಮೇಲೆ ಎರಡು ಬಿಳಿ ಗೆರೆಗಳಿದ್ದವು. ಆರಂಭದ್ದೊಂದು, ಮುಕ್ತಾಯದ್ದೊಂದು. ಅವರು ಕೋಚಾಗಿ ಬಂದ ಹೊಸತರಲ್ಲಿ ಹಾಕಿಸಿದ್ದು. ಆಟದ ಗೆರೆಗಳನ್ನು ವಾರವಾರ ಸುಣ್ಣದಲ್ಲಿ ಹೊಸದಾಗಿ ಎಳೆಯುತ್ತಿದ್ದರು. ಈ ಎರಡು ಮಾತ್ರ ಖಾಯಂ ಪೇಂಟು. ಬಣ್ಣ ಮಾಸಿದಾಗ ಅದೇ ಗೆರೆಯ ಮೇಲೆ ಮತ್ತೆ ಬಳಿಸುತ್ತಿದ್ದರು.

ಮಗನ ಹನ್ನೆರಡನೇ ತರಗತಿಯ ವರ್ಷ ನನಗೆ ನಿದ್ದೆಯೇ ಹತ್ತದಾಯಿತು. ಇಲ್ಲಿ ಗಂಡುಮಕ್ಕಳಿಗೆ ಹದಿನೆಂಟು ತುಂಬಿತೆಂದರೆ ಅಪ್ಪನ ವೀಸಾದಲ್ಲಿ ಸುಮ್ಮನೆ ಇರಿಸಿಕೊಳ್ಳುವಂತಿಲ್ಲ; ಓದಬೇಕು ಇಲ್ಲವೇ ಕೆಲಸ ಹಿಡಿಯಬೇಕು. ಅವನಿಗೋ ಈ ಆಟ ಬಿಟ್ಟು ಬೇರೇನೂ ಬೇಡ. ಆಗಲೇ ದುಬೈಯಲ್ಲಿ ಒಂದು ಶಿಬಿರ ಆಗುವ ಸುದ್ದಿ ಬಂತು. ಅಮೆರಿಕದ ಕಾಲೇಜುಗಳ ಪರವಾಗಿ ಹುಡುಗರನ್ನು ಆರಿಸುವವನೊಬ್ಬ ಬರುತ್ತಾನೆ, ಕೋಚುಗಳು ಕಳಿಸಿದ ಅಳತೆ ನೋಡಿ ಕರೆಯುತ್ತಾನೆ ಎಂದರು. ಮಗನ ಓಟ ಶಿಬಿರದವರು ಕೇಳಿದ್ದಕ್ಕಿಂತ ಒಂಚೂರು ನಿಧಾನ. ಚೂರೆಂದರೆ ಕಣ್ಣು ಮಿಟುಕಿಸುವಷ್ಟು.

ವಿಚಿತ್ರವೆಂದರೆ ಆಟದಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ. ಕೋಚ್ ತಲೆ ಕೆರೆದುಕೊಳ್ಳುತ್ತಿದ್ದರು. "ಆಟದಲ್ಲಿ ಹಾರ್ತಾನೆ, ಗೆರೆಯಲ್ಲಿ ಯಾಕೆ ಸಾಯ್ತಾನೆ ಮಾರಾಯ್ರೆ ಇವ?" ಹೆದರಿಕೆ ಇರಬೇಕೆಂದು ಅವರಿಗೆ ಅನುಮಾನ. ಬೆಳಿಗ್ಗೆ ಬೇಗ ಕರೆಸಿ ಓಡಿಸಿದರು, ಓಟ ಶುರುಮಾಡುವಾಗ ಬಗ್ಗುವುದನ್ನು ತಿದ್ದಿದರು, ಹೊಸ ಶೂ ಕೊಡಿಸಲು ಹೇಳಿದರು. ಗಡಿಯಾರ ಜಗ್ಗಲಿಲ್ಲ.

ಕೊನೆಗೆ ನಾನೇ ಹೋಗಿ ಕೇಳಿದೆ. "ಸರ್, ಆ ಚೂರು ಕಮ್ಮಿ ಮಾಡಿ ಬರೆದ್ರೆ ಯಾರ ಗಂಟು ಹೋಗ್ತತ್ರೀ? ಊರೆಲ್ಲಾ ಬರೀತಾರೆ."

"ಬರೀಲಿ ಅಕ್ಕ. ಅಲ್ಲಿಯೂ ಗಡಿಯಾರ ಉಂಟಲ್ಲ? ಇಲ್ಲಿ ನಾನು ಸುಳ್ಳು ಬರೆದ್ರೆ ಅಲ್ಲಿ ನಾಚಿಕೆ ಆಗುವುದು ನಿಮ್ಮ ಮಗನಿಗೆ."

"ಮೊದಲು ಕರೀಲಿ ಅಂತ ಅಷ್ಟೇ ನಾ ಕೇಳ್ತಿರೋದು."

"ನನ್ನಿಂದ ಆಗುವುದಿಲ್ಲ. ಬೈಯುವುದಿದ್ರೆ ಬೈಯಿರಿ."

ಬೈದೆ. ಅವರು ತಲೆ ತಗ್ಗಿಸಿ ನಿಂತಿದ್ದರು, ಹೆಬ್ಬೆರಳು ಮಾತ್ರ ತೊಡೆಯ ಪಕ್ಕ ಒತ್ತುತ್ತಿತ್ತು. ಅದನ್ನು ನೋಡಿ ನನಗೆ ಇನ್ನಷ್ಟು ರೇಗಿತು. ಶಿಬಿರಕ್ಕೆ ಮಗನಿಗೆ ಕರೆ ಬರಲಿಲ್ಲ. ಅವನು ಅಳಲಿಲ್ಲ, ಕೂಗಲಿಲ್ಲ, "ಐ ಆಮ್ ಸ್ಲೋ, ಅಮ್ಮ. ದಟ್ಸ್ ಇಟ್," ಎಂದು ಬಾಗಿಲು ಹಾಕಿಕೊಂಡ. ನಮ್ಮ ಯಜಮಾನರು, "ಖಲಾಸ್, ಬಿಡು ಇನ್ನ," ಎಂದರು. ನನಗೆ ಬಿಡಲು ಬರುವುದಿಲ್ಲ. ಮಗನನ್ನು ಅಭ್ಯಾಸಕ್ಕೆ ಇಳಿಸಿ ಕೋಚ್ ಕಡೆ ತಿರುಗಿಯೂ ನೋಡದೆ ಮೈದಾನ ಸುತ್ತುತ್ತಿದ್ದೆ.

ಹಾಗೆ ಸುತ್ತುತ್ತಿದ್ದಾಗಲೇ ಅದು ನಡೆದದ್ದು. ಅಮೆರಿಕನ್ ತಂದೆಯೊಬ್ಬರು ರಜೆಯಿಂದ ಬರುವಾಗ ಓಟ ಅಳೆಯುವ ಎಲೆಕ್ಟ್ರಾನಿಕ್ ಯಂತ್ರ ತಂದಿದ್ದರು. ಎರಡು ಕಂಬ, ಅವುಗಳ ನಡುವಿನ ದೂರಕ್ಕೆಂದೇ ನಲವತ್ತು ಗಜದ ಒಂದು ಟೇಪು. ಒಂದು ಕಂಬವನ್ನು ಆರಂಭದ ಗೆರೆಯಲ್ಲಿಟ್ಟು ಟೇಪು ಎಳೆದರು. ಅದು ಮುಕ್ತಾಯದ ಗೆರೆ ಮುಟ್ಟಲೇ ಇಲ್ಲ. ಎರಡು ದಾಪುಗಾಲು ಹಿಂದೆಯೇ ಮುಗಿಯಿತು.

"ಟೇಪು ಗಿಡ್ಡ ಬಂದಿದೆ," ಎಂದರು ಎಲ್ಲರೂ. ಕೋಚೂ ತಯಾರಿಸಿದವನಿಗೆ ಬೈದು, ತಮ್ಮ ಕಾರಿನಿಂದ ಬೇರೊಂದು ಟೇಪು ತಂದರು. ಮಂಡಿಯೂರಿ ತಾವೇ ಅಳೆದರು. ಮತ್ತೆ ಅಳೆದರು. ಆಮೇಲೆ ಟೇಪನ್ನು ತಿರುಗಿಸಿ ಅದರ ಇನ್ನೊಂದು ಬದಿಯ ಮೀಟರಿನ ಗುರುತು ನೋಡಿದರು. ಗೆರೆ ಸರಿಯಾಗಿ ನಲವತ್ತರ ಮೇಲೆ ಕೂತಿತ್ತು. ನಲವತ್ತು ಗಜವಲ್ಲ, ನಲವತ್ತು ಮೀಟರು.

ಆಗಿದ್ದು ಇಷ್ಟು. ಗೆರೆ ಹಾಕಿಸುವಾಗ ಪೇಂಟಿನ ಕಂಟ್ರಾಕ್ಟರನಿಗೆ ಕೋಚ್ ಕೊಟ್ಟ ನಕ್ಷೆಯಲ್ಲಿ ನಲವತ್ತು ಎಂದು ಅಂಕೆ ಮಾತ್ರ ಇತ್ತು. ಗಜ ಎಂದು ಬರೆಯಬೇಕೆಂದು ಅವರಿಗೆ ಹೊಳೆಯಲಿಲ್ಲ. ಈ ಆಟದವರು ಬರೆಯುವುದೂ ಇಲ್ಲ. ಈ ಊರಿನಲ್ಲಿ ನೆಲ ಅಳೆಯುವುದು ಮೀಟರಿನಲ್ಲಿ, ಆ ಪಾಪದ ಕೆಲಸಗಾರರು ಮೀಟರಿನಲ್ಲೇ ಅಳೆದು ಬಳಿದು ಹೋದರು. ಹುಡುಗರ ಹಿಮ್ಮಡಿಯಡಿ ಕೈ ತೂರಿಸಿ ನೋಡುತ್ತಿದ್ದ ಮನುಷ್ಯ ತಾವೇ ಹಾಕಿಸಿದ ಗೆರೆಯನ್ನು ಒಮ್ಮೆಯೂ ಅಳೆದಿರಲಿಲ್ಲ! ಅಷ್ಟು ವರ್ಷ, ಅಷ್ಟೂ ಹುಡುಗರು ಬೇರೆ ಕಡೆಯವರೆಲ್ಲರಿಗಿಂತ ಎರಡು ದಾಪುಗಾಲು ಜಾಸ್ತಿ ಓಡಿ ನಿಧಾನ ಎನಿಸಿಕೊಂಡಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ ಅಲ್ಲವೇ?

ಕೋಚ್ ಗೆರೆಯ ಪಕ್ಕದಲ್ಲೇ ಕುಸಿದು ಕೂತರು. ಯಾರೋ ಸಮಾಧಾನ ಹೇಳಿದರು, ಇವತ್ತೇ ಅಳಿಸಿ ಬೇರೆ ಬಳಿಸೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದು. ಅವರು ಇಂಗ್ಲಿಷಿನಲ್ಲಿ ಉತ್ತರಿಸಲಿಲ್ಲ. ನನ್ನ ಕಡೆ ನೋಡಿ ಕನ್ನಡದಲ್ಲಿ ಅಂದರು: "ಗೆರೆ ಅಳಿಸ್ಬಹುದು ಅಕ್ಕ. ಹುಡುಗರಿಗೆ ಹೇಳಿದ್ದನ್ನು ಅಳಿಸುವುದು ಹೇಗೆ?"

ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಬೆಲ್ಲಾಯಿತು. ಬಾಗಿಲಲ್ಲಿ ಕೋಚ್, ಹೋಟೆಲಿನ ಸೂಟಿನಲ್ಲಿ. ಒಳಗೆ ಬರಲಿಲ್ಲ. "ನಿಮ್ಮ ಮಗ ನಿಧಾನ ಅಲ್ಲ. ಗೆರೆ ತಪ್ಪು. ಗೆರೆ ಹಾಕಿಸಿದ್ದು ನಾನು. ಅದನ್ನು ಅವನಿಗೆ ನಾನೇ ಹೇಳ್ಬೇಕು."

ನನ್ನ ಕೋಪ ನೆತ್ತಿಗೇರಿತು. ಕೈಯೆಲ್ಲ ಜೋಳದ ಹಿಟ್ಟು, ಅದೇ ಕೈ ಆಡಿಸುತ್ತ ಕೂಗಿದೆ. "ಶಿಬಿರ ಮುಗೀತಲ್ರೀ! ಈಗ ಹೇಳಿ ಏನು ಮಾಡ್ಬೇಕು ನಾವು? ನೆಕ್ಕಬೇಕಾ?" ಗಲಾಟೆಗೆ ಮಗ ಹೊರಗೆ ಬಂದ. ಕೋಚ್ ಅವನಿಗೆ ಎಲ್ಲ ಹೇಳಿ, ಕ್ಷಮಿಸು ಎಂದು ಕೈ ಜೋಡಿಸಿದರು. ಅವನು ಗಲಿಬಿಲಿಯಾಗಿ, "ಇಟ್ಸ್ ಓಕೆ, ಕೋಚ್," ಎಂದ. "ಓಕೆ ಅಲ್ಲ. ಹಾಗೆ ಹೇಳ್ಬೇಡ. ಶೂ ಹಾಕು, ದುಬೈಗೆ ಹೋಗುವ."

ಶಿಬಿರದವನು ದುಬೈಯಲ್ಲೇ ಇನ್ನೆರಡು ದಿನ ಇರುವನೆಂದು ಅವರು ವಿಚಾರಿಸಿಕೊಂಡೇ ಬಂದಿದ್ದರು. ನಾನೂ ಡ್ಯೂಟಿಗೆ ರಜೆ ಹೇಳಿ ಹೊರಟೆ. ಶಿಬಿರದವನು ಇಳಿದಿದ್ದ ಹೋಟೆಲಿನ ಲಾಬಿಯಲ್ಲಿ ಕೋಚ್ ಅವನೆದುರು ನಿಂತು, ನಾನು ಕಳಿಸಿದ ಅಳತೆ ತಪ್ಪು, ಅವಮಾನ ನನಗಾಗಲಿ, ಹುಡುಗನನ್ನು ಒಮ್ಮೆ ನೋಡಿ ಎಂದು ಬೇಡಿದರು. ತಮ್ಮ ಜೀವನದ ಇಷ್ಟು ವರ್ಷದ ಹೆಸರನ್ನು ಅವರು ಅಲ್ಲಿಯೇ ಕಳಚಿಟ್ಟುಬಿಟ್ಟರು. ಆತ ಒಪ್ಪಿದ. ಸಂಜೆ ಒಂದು ರಗ್ಬಿ ಮೈದಾನದಲ್ಲಿ ಟೇಪು ಎಳೆದು ಮಗನನ್ನು ಓಡಿಸಿದ. ಗಡಿಯಾರ ನೋಡಿ ಹುಬ್ಬೇರಿಸಿ ಇನ್ನೊಮ್ಮೆ ಓಡಿಸಿದ. ಎರಡು ಸಲವೂ ಶಿಬಿರದವರು ಕೇಳಿದ್ದಕ್ಕಿಂತ ವೇಗ.

ಆಮೇಲೆ ಎತ್ತರ ಅಳೆದ. ತೂಕ ಕೇಳಿದ. ಕೋಚ್ ಹತ್ತಿರ ಮೆಲ್ಲಗೆ ಏನೋ ಹೇಳಿದ. ಅವರು ನನ್ನ ಬಳಿ ಬಂದು, "ವೇಗ ಉಂಟಂತೆ ಅಕ್ಕ. ಮೈ ಸಾಲುವುದಿಲ್ಲವಂತೆ. ಅವನಾಡುವ ಜಾಗಕ್ಕೆ ಇನ್ನೂ ಎತ್ತರ ಬೇಕಂತೆ," ಎಂದು ಹೇಳುವಷ್ಟರಲ್ಲಿ ಅವರ ಕಣ್ಣು ತುಂಬಿತು. ಇದೆಲ್ಲ ಯಾಕೆ ಬೇಕಿತ್ತು ಎಂದು ನನಗೆ ಬಾಯಿಯವರೆಗೆ ಬಂತು. ಅಷ್ಟರಲ್ಲಿ ಮಗ ಏದುಸಿರು ಬಿಡುತ್ತ ಓಡಿಬಂದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ನಗು. "ಅಮ್ಮಾ, ಐ ಆಮ್ ಫಾಸ್ಟ್! ಯೂ ಸಾ?" ನೋಡಿದೆ ಕಣೋ ಎಂದು ತಬ್ಬಿಕೊಂಡೆ. ಅವನು ಆ ಆಟಕ್ಕೆ ಹೋಗಲಿಲ್ಲ, ಫಿಸಿಯೋಥೆರಪಿ ಓದಿದ. ಆದರೆ ನಿಧಾನ ಎಂಬ ಮಾತನ್ನು ಮೈಗೆ ಹಚ್ಚಿಕೊಂಡು ಹೋಗಲಿಲ್ಲ.

ಕೋಚ್ ಅಲ್ಲಿಗೆ ನಿಲ್ಲಿಸಲಿಲ್ಲ. ತಾವು ಕಲಿಸಿದ ಹಳೆಯ ಹುಡುಗರನ್ನು ಒಬ್ಬೊಬ್ಬರನ್ನಾಗಿ ಹುಡುಕತೊಡಗಿದರು. ಅವರೆಲ್ಲ ಬೆಳೆದು ದೊಡ್ಡವರಾಗಿದ್ದರು, ಯಾವಯಾವ ದೇಶಕ್ಕೋ ಚದುರಿದ್ದರು. ಅವರನ್ನು ಕೇಳಿ, ಇವರನ್ನು ಕೇಳಿ, ನಂಬರು ಹಿಡಿದು ಫೋನ್ ಮಾಡುತ್ತಿದ್ದರು. "ಹಳೇ ಗಾಯ ಯಾಕೆ ಕೆದಕ್ತೀರಿ ಸರ್?" ಎಂದು ನಾನು ಕೇಳಿದ್ದಕ್ಕೆ, "ಗಾಯ ಮಾಡಿದ್ದು ನಾನಲ್ವಾ ಅಕ್ಕ," ಎಂದರು. ನಮ್ಮಿಬ್ಬರ ಮಾತು ಮತ್ತೆ ಶುರುವಾಗಿದ್ದು ಆ ದಿನದಿಂದ.

ಅದಾಗಿ ಕೆಲವು ವರ್ಷಗಳ ಮೇಲೆ ಕೋಚ್ ಕೆಲಸದಲ್ಲಿದ್ದಾಗಲೇ ಎದೆನೋವು ಬಂದು ತೀರಿಕೊಂಡರು. ದೇಹವನ್ನು ಊರಿಗೆ ಕಳಿಸುವ ಮುಂಚೆ ಚರ್ಚಿನಲ್ಲಿ ಪ್ರಾರ್ಥನೆ ಇತ್ತು. ನಾನು ಒಳಗೆ ಕೂರಲಾರದೆ ಅಂಗಳದಲ್ಲಿ ಅಡ್ಡಾಡುತ್ತಿದ್ದೆ. ಅಲ್ಲೊಬ್ಬ ದಪ್ಪನೆಯ ಯುವಕ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ. ಉಡುಪಿ ಕಡೆಯವನು, ದುಬೈಯಲ್ಲಿ ಕಾರ್ಗೋ ಆಫೀಸಿನಲ್ಲಿ ಕೆಲಸ, ಕೋಚ್ ಕಲಿಸಿದ ಮೊದಮೊದಲ ಹುಡುಗರಲ್ಲಿ ಒಬ್ಬ ಎಂದು ಮಾತಿನಲ್ಲಿ ತಿಳಿಯಿತು.

"ನನಗೂ ಫೋನ್ ಬಂದಿತ್ತು ಆಂಟಿ," ಎಂದ. "ಮಗಳು ಹುಟ್ಟಿ ಆಗಿತ್ತು ನನಗೆ. ನೀನು ನಿಧಾನ ಅಲ್ಲ ಮಗಾ, ನಾನು ಅಳೆದದ್ದು ತಪ್ಪು ಅಂದ್ರು. ನಾನು ಯಾವುದರಲ್ಲೂ ಮುಂದೆ ಹೋದವನೇ ಅಲ್ಲ. ಪ್ರಮೋಷನ್ ಕೇಳ್ಲಿಲ್ಲ, ಎಂತದೂ ಕೇಳ್ಲಿಲ್ಲ. ನಾನು ಸ್ಲೋ ಅಲ್ವಾ, ಹಾಗೆ. ಫೋನ್ ಇಟ್ಟ ಮೇಲೆ ನಾನು ಎಂತ ಮಾಡಿದೆ ಗೊತ್ತುಂಟಾ? ಆಫೀಸಿನ ಕೆಳಗೆ ಪಾರ್ಕಿಂಗಿಗೆ ಹೋಗಿ ಓಡಿದೆ. ಟೈ ಕಟ್ಟಿಕೊಂಡು, ಈ ಹೊಟ್ಟೆ ಇಟ್ಟುಕೊಂಡು. ವಾಚ್‌ಮನ್ ಯಲ್ಲಾ ಯಲ್ಲಾ, ಓಡು ಓಡು ಅಂತ ಚಪ್ಪಾಳೆ ಹೊಡೆದ."

ಅವನು ಅಳುತ್ತಲೇ ನಕ್ಕ. ನಾನೂ ಅತ್ತೆ. ನನ್ನನ್ನು ಅಳೆದವರೇನು ಕಡಿಮೆಯೇ? ಹುಡುಗಿ ಕಪ್ಪು ಎಂದು ಎದ್ದು ಹೋದ ಗಂಡಿನ ಕಡೆಯವರು, ಲೆಕ್ಕದಲ್ಲಿ ಮೊದ್ದು ಎಂದು ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರು, ಬಾಯಿಬಡುಕಿ ಎಂದು ಮೂಗು ಮುರಿದ ಅತ್ತೆ. ನಮ್ಮ ಅಳತೆಯೇ ತಪ್ಪಿತ್ತಮ್ಮಾ ಎಂದು ಅವರಲ್ಲಿ ಒಬ್ಬರೂ ನನ್ನ ಬಾಗಿಲಿಗೆ ಬಂದವರಿಲ್ಲ. ನನ್ನ ಮಗನಿಗಾಗಿ ಒಬ್ಬರು ಬಂದರು, ನಾನು ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಬೈದರೂ ಅವನಿಗೆ ಹೇಳದೆ ಹೋಗಲಿಲ್ಲ.