ದಕ್ಕೆಯ ಐಸು, ನಬಿಯ ಹಿಮ

ಬಹರೈನಿಗೆ ಬಂದ ಮೊದಲ ಜುಲೈಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡೆ. ತಾರಸಿಯ ಟ್ಯಾಂಕು ಬಿಸಿಲಿಗೆ ಕಾದಿರುತ್ತದೆ. ತಣ್ಣೀರು ಬೇಕಿದ್ದರೆ ಮನೆಯೊಳಗೆ ಸ್ವಿಚ್ ಆರಿಸಿಟ್ಟ ಗೀಸರಿನಿಂದ ಹಿಡಿಯಬೇಕು! ಇದನ್ನು ಕಲಿಸಿದವನು ನಮ್ಮ ಕಂಪನಿಯ ಏಸಿ ಮೆಕ್ಯಾನಿಕ್ ಗುಲಾಂ ನಬಿ, ಕಾಶ್ಮೀರದ ಮೇಲಿನ ಹಳ್ಳಿಯೊಂದರವನು. ನಾನು ಅವನ ಫೋರ್‌ಮನ್. ರಜೆ ಅರ್ಜಿಗಳು ನನ್ನ ಮೂಲಕವೇ ಮ್ಯಾನೇಜರಿಗೆ ಹೋಗಬೇಕಿತ್ತು.

ಹಿಮದ ಲೆಕ್ಕ ಹಿಡಿಯುವ ನಬಿಯ ವಿದ್ಯೆಯನ್ನು ಎಷ್ಟು ಹೊಗಳಿದರೂ ಸಾಲದು. ಪ್ರತಿ ಶುಕ್ರವಾರ ಅವನ ತಮ್ಮ ಊರಮನೆಯ ಅದೇ ಹೊಸ್ತಿಲಲ್ಲಿ ನಿಂತು ಎದುರಿನ ಬೆಟ್ಟದ ಫೋಟೊ ಕಳಿಸುತ್ತಿದ್ದ. ಹಿಮ ಯಾವ ವಾರ ಕರಿಬಂಡೆಗೆ ಇಳಿಯಿತು, ಯಾವ ವಾರ ಅಕ್ರೋಟು ಮರದ ಬುಡ ಬಿಟ್ಟಿತು ಎಂದು ಹಳೆಯ ಫೋಟೊಗಳೊಂದಿಗೆ ಹೋಲಿಸಿ ನಬಿ ಎಣಿಸುತ್ತಿದ್ದ. ಬಿಸಿಲ ಮಗ್ಗುಲು ಬೇಗ ಬರಿದಾಗುತ್ತದೆ, ನೆರಳಿನ ಮಗ್ಗುಲು ಮತ್ತೊಂದು ತಿಂಗಳು ಬೆಳ್ಳಗಿರುತ್ತದೆ. ಅವನೂರಿನ ದಾರಿ ನೆರಳಿನಲ್ಲಿತ್ತು.

ಆ ನವೆಂಬರಿನಲ್ಲಿ ಅವನ ಹೆಂಡತಿ ತುಂಬು ಗರ್ಭಿಣಿ.

"ಭಾಯಿಸಾಬ್, ಬಂಡೆ ಅರ್ಧ ಮುಚ್ಚಿದೆ. ಹದಿನೈದು ದಿನದಲ್ಲಿ ದಾರಿ ಬಂದ್. ಆಮೇಲೆ ಐದು ತಿಂಗಳು ತೆರೆಯುವುದಿಲ್ಲ."

"ಐದು ತಿಂಗಳಾ? ನಮ್ಮ ಮಂಗಳೂರಿನ ದಕ್ಕೆಯಲ್ಲಿ, ದೋಣಿ ಬಂದು ನಿಲ್ಲುವಲ್ಲಿ, ಮೀನಿಗೆ ಹಾಕಿದ ಐಸು ಮಧ್ಯಾಹ್ನಕ್ಕೆ ನೀರು, ಮಾರಾಯ!"

ಮನೆಯಲ್ಲಿ ಇದನ್ನು ಹೇಳಿದಾಗ, ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನನ್ನ ಹೆಂಡತಿ ಲಿಲ್ಲಿ ರೇಗಿದಳು: "ನಿಮ್ಗೆ ಹಿಮದ್ದು ಎಂತ ಗೊತ್ತುಂಟು? ಬಂಗುಡೆ ಪೆಟ್ಟಿಗೆ ಬಿಟ್ರೆ ಬೇರೆ ನೋಡಿದ್ದುಂಟಾ? ಆ ಹುಡುಗನನ್ನು ಕಳ್ಸಿ ಮೊದ್ಲು."

ಆದರೆ ಮಂಗಳೂರಿನಲ್ಲಿ ನನ್ನ ತಂಗಿಯ ಮಗನ ಮದುವೆಯಿತ್ತು. ಇಬ್ಬರಿಗೂ ಒಟ್ಟಿಗೆ ರಜೆ ಸಿಗುವಂತಿರಲಿಲ್ಲ. ಮ್ಯಾನೇಜರ್ ಒಪ್ಪಲಿಲ್ಲ ಎಂದು ನಬಿಗೆ ಹೇಳಿದೆ. ನಾನು ಕೇಳಿಯೇ ಇರಲಿಲ್ಲ. ಅವನ ಅರ್ಜಿ ನನ್ನ ಡ್ರಾಯರಿನಲ್ಲಿತ್ತು. ಇದನ್ನು ಪಾದ್ರಿಯವರ ಮುಂದೆ ಹೇಳಿದ್ದೇನೆ, ಊರವರಾದ ನಿಮ್ಮ ಮುಂದೆ ಇಂದೇ ಮೊದಲು.

ಹದಿನೈದು ದಿನ ತುಂಬುವ ಮುನ್ನ ನಾನು ಮದುವೆ ಉಂಡು ಮರಳಿದೆ, ಅವನು ಹೊರಟ. ದಾರಿ ಮುಚ್ಚಿತ್ತು. ಕೆಳಗಿನ ಪೇಟೆಯಲ್ಲೇ ಎರಡು ತಿಂಗಳ ರಜೆ ಕಳೆದು, ಮಗಳ ಅಳುವನ್ನು ಫೋನಿನಲ್ಲಿ ಕೇಳಿಸಿಕೊಂಡು ಬಂದ.

"ಮಾಫ್ ಮಾಡಿ ಭಾಯಿಸಾಬ್, ನನ್ನ ಲೆಕ್ಕ ಎರಡು ದಿನ ತಪ್ಪಿತು. ಹದಿಮೂರನೆಯ ದಿನಕ್ಕೇ ಮುಚ್ಚಿತು."

ತಪ್ಪು ಮಾಡಿದವನು ನಾನು, ಕ್ಷಮೆ ಕೇಳಿದವನು ಅವನು. ತಡೆಯಲಾಗದೆ ನಿಜ ಹೇಳಿಬಿಟ್ಟೆ. ಮೂರು ವಾರ ಅವನು ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ಶುಕ್ರವಾರ ಬೆಟ್ಟದ ಫೋಟೊ ನನ್ನ ಫೋನಿಗೂ ಬಂತು. ಕೆಳಗೆ ಒಂದೇ ಮಾತು: "ಇನ್ನು ನೀವೂ ಎಣಿಸಿ."

ಏಪ್ರಿಲಿನಲ್ಲಿ, ಅವನು ಹೇಳಿದ್ದ ವಾರದಲ್ಲೇ, ಹಿಮ ದಾರಿ ಬಿಟ್ಟಿತು.

ಬಹರೈನಿನ ಜಿಂಜ್ ಬಡಾವಣೆಯ ಈ ಮನೆಯಲ್ಲಿ ಈಗಲೂ ಎಣಿಸುತ್ತೇನೆ. ತಂಗಿ ಫೋನಿನಲ್ಲಿ ಊರಿನ ಮಳೆ ಹೇಳುತ್ತಾಳೆ; ಕಿಟಕಿಯಾಚೆ ಇಲ್ಲಿನ ಬಿಸಿಲು. ನನ್ನ ಮನಸ್ಸು ಮಾತ್ರ ಎಂದೂ ಕಾಣದ ಮೂರನೆಯ ಊರಿನಲ್ಲಿರುತ್ತದೆ. ಫೋಟೊದ ಮೂಲೆಯಲ್ಲಿ ಈಗ ನಬಿಯ ಮಗಳು ನಿಂತಿರುತ್ತಾಳೆ. ಬಂಡೆಗಿಂತ ಮೊದಲು ನಾನು ನೋಡುವುದು, ಹಿಮ ಅವಳ ಮೊಣಕಾಲಿಗೆ ಬಂತೇ ಎಂದು.