ಪೊಗ್ಗೆಮೋರ್ ಮನೆಯ ಇಬ್ಬರು ಅಳಿಯಂದಿರು

ಗುರುವಾರ ಮಧ್ಯಾಹ್ನ ಪೊಗ್ಗೆಮೋರ್ ಮನೆಯ ಕೊಟ್ಟಿಗೆಯಲ್ಲಿ ನೆರೆಹೊರೆಯ ಹೆಂಗಸರು ಬಿಳಿ ಕಾಗದದ ಗುಲಾಬಿ ಸುತ್ತುತ್ತಿದ್ದರು. ಮುನ್ನೂರು ಹೂವು ಮುಗಿದಿತ್ತು, ಇನ್ನೂ ನೂರು ಬಾಕಿ ಇತ್ತು. ಗಂಡಸರು ಕಾಡಿನಿಂದ ತಂದ ಫರ್ ಮರದ ಸೊಪ್ಪನ್ನು ಹಗ್ಗಕ್ಕೆ ಬಿಗಿದು ಬಾಗಿಲಿಗೆ ತೋರಣ ಕಟ್ಟುತ್ತಿದ್ದರು. ನಡುನಡುವೆ ಎಲ್ಲರ ಕೈಗೂ ಧಾನ್ಯದ ಸಾರಾಯಿಯ ಪುಟ್ಟ ಲೋಟ ಬರುತ್ತಿತ್ತು. ಮರುದಿನ ಹನ್ನೊಂದು ಗಂಟೆಗೆ ಈ ಮನೆಯ ಒಬ್ಬಳೇ ಮಗಳು ಗೆಸೀನೆಯ ಮದುವೆ.

ಆಗ್ನೆಸ್ ಮಾತ್ರ ಹೂವು ಮುಟ್ಟಿರಲಿಲ್ಲ. ಅವಳು ಈ ಮನೆಗೆ ಮೊದಲ ನೆರೆಯವಳು. ನಮ್ಮ ಕಡೆ ಮೊದಲ ನೆರೆಯವರೆಂದರೆ ಸಾಮಾನ್ಯದವರಲ್ಲ. ಹುಟ್ಟು, ಮದುವೆ, ಸಾವು ಮೂರಕ್ಕೂ ಅವರದೇ ಯಜಮಾನಿಕೆ, ಇಷ್ಟವಿರಲಿ ಬಿಡಲಿ. ಎಂಬತ್ತು ದಾಟಿದ ನಿವೃತ್ತ ಟೀಚರು ಬೇರೆ. ತೊಡೆಯ ಮೇಲೆ ತೋರಣದ ನಡುವೆ ಕಟ್ಟುವ ಖಾಲಿ ಹಲಗೆ, ಕೈಯಲ್ಲಿ ಕುಂಚ ಹಿಡಿದು ಮನೆಯ ಯಜಮಾನ ಲುಡ್ಗರನನ್ನೇ ದಿಟ್ಟಿಸುತ್ತ ಕೂತಿದ್ದಳು.

"ಲೋ ಪೊಗ್ಗೆಮೋರ್, ಹಲಗೆ ಮೇಲೆ ಏನಂತ ಬರೀಲಿ? ಬಣ್ಣ ಒಣಗೋಕೆ ಹೊತ್ತು ಬೇಕು."

"ಗೆಸೀನೆ ಮತ್ತು ಮಾಲ್ಟೆ ಪೊಗ್ಗೆಮೋರ್ ಅಂತ ಬರಿ. ಇನ್ನೇನು ಬರೀತೀಯ?"

"ಹುಡುಗ ಒಪ್ಪಿದ್ದಾನಾ?"

"ಒಪ್ಪಿದ್ದಾನೆ."

"ತಾನಾಗೇ ಬಾಯಿ ಬಿಟ್ಟು ಹೇಳಿದ್ನಾ, ಇಲ್ಲ ನೀನೇ ತುರುಕಿದ್ಯಾ?"

ಲುಡ್ಗರ್ ಸೊಪ್ಪಿನ ಹೊರೆ ಎತ್ತಿಕೊಂಡು ಹೊರಟ. ಅವನ ಕಿವಿ ಕೆಂಪಾಗಿತ್ತು. ಯಾಕೆಂದರೆ ತುರುಕಿದ್ದವನು ಅವನೇ. ಮದುವೆ ನೋಂದಣಿ ಕಚೇರಿಯಲ್ಲಿ ಅಳಿಯನಾಗುವವನು ಪೊಗ್ಗೆಮೋರ್ ಎಂದು ಹೆಸರು ಬದಲಿಸಿಕೊಂಡರೆ ಮಾತ್ರ ಹೊಲ ಮನೆಯನ್ನು ಅವರಿಬ್ಬರಿಗೆ ಬರೆದುಕೊಡುವುದು, ಇಲ್ಲದಿದ್ದರೆ ಇಲ್ಲ ಎಂದು ಎರಡು ತಿಂಗಳ ಹಿಂದೆ ಊಟದ ಮೇಜಿನಲ್ಲಿ ಖಡಾಖಂಡಿತವಾಗಿ ಹೇಳಿದ್ದ. ಗೆಸೀನೆ ತಟ್ಟೆ ಬಿಟ್ಟು ಎದ್ದಿದ್ದಳು. ಮಾಲ್ಟೆ ಮಾತ್ರ ಆಲೂಗಡ್ಡೆಯನ್ನು ಫೋರ್ಕಿನಲ್ಲಿ ಒತ್ತುತ್ತ ಬಹಳ ಹೊತ್ತು ಕೂತಿದ್ದು, ಕೊನೆಗೆ "ಆಯ್ತು" ಅಂದಿದ್ದ. ಅವತ್ತಿನಿಂದ ಮಗಳು ಅಪ್ಪನ ಜೊತೆ ಹಂದಿಯ ಮೇವಿನ ವಿಷಯ ಬಿಟ್ಟು ಬೇರೆ ಮಾತಾಡಿರಲಿಲ್ಲ.

ಲುಡ್ಗರನ ಹಠಕ್ಕೂ ಒಂದು ಕಾರಣವಿತ್ತು. ಪೊಗ್ಗೆಮೋರ್ ಎಂದರೆ ಕಪ್ಪೆಗಳ ಜೌಗು ಎಂದರ್ಥ. ಮನೆಯ ಹಿಂದಿನ ಹುಲ್ಲುಗಾವಲು ಈಗಲೂ ಏಪ್ರಿಲ್ ಬಂತೆಂದರೆ ವಟಗುಟ್ಟುತ್ತದೆ. ನಾನೂರು ವರ್ಷದ ಹಿಂದೆ ಅಲ್ಲಿ ಮನೆ ಕಟ್ಟಿದವನನ್ನು ಊರಿನವರು ಜಾಗದ ಹೆಸರಿನಿಂದಲೇ ಕರೆದರು, ಅದೇ ಅಂಟಿಕೊಂಡಿತು. ಆಗ್ನೆಸ್ ಮೂರು ಚಳಿಗಾಲ ಚರ್ಚಿನ ಹಳೇ ಪುಸ್ತಕಗಳನ್ನು ಕೆದಕಿ ಈ ಹೆಸರಿನ ಜಾತಕವನ್ನೇ ಬರೆದಿದ್ದಳು. ಒಂದು ಕಾಲದಲ್ಲಿ ಸುತ್ತಮುತ್ತ ಈ ಹೆಸರಿನ ಮೂರು ಮನೆಗಳಿದ್ದವು. ಒಂದು ಸುಟ್ಟುಹೋಯಿತು. ಇನ್ನೊಂದರವರು ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ಅರ್ಧ ಹೆಸರನ್ನು ಸಮುದ್ರಕ್ಕೆ ಎಸೆದು ಬರೀ ಮೋರ್ ಆದರು. ಮೂವತ್ತು ವರ್ಷದ ಹಿಂದಿನ ಟೆಲಿಫೋನ್ ಪುಸ್ತಕಗಳಲ್ಲಿ ದೇಶದಲ್ಲೆಲ್ಲ ಹುಡುಕಿದರೆ ಒಂಬತ್ತು ಪೊಗ್ಗೆಮೋರ್ ಸಿಕ್ಕಿದ್ದವು. ಈಗ ಉಳಿದವರು ಮೂರೇ ಜನ. ಲುಡ್ಗರ್, ಗೆಸೀನೆ, ಹ್ಯಾಂಬರ್ಗಿನ ವೃದ್ಧಾಶ್ರಮದಲ್ಲಿ ಯಾರ ಗುರುತೂ ಹಿಡಿಯದ ಒಬ್ಬ ಮುದುಕಿ.

ಆ ಮೂವರಲ್ಲಿ ಲುಡ್ಗರ್ ಹುಟ್ಟಿನಿಂದ ಪೊಗ್ಗೆಮೋರ್ ಅಲ್ಲವೇ ಅಲ್ಲ! ಅವನು ಮನೆಅಳಿಯ. ಈ ಸೀಮೆಯ ಪದ್ಧತಿಯೇ ಹಾಗೆ, ಯಾರು ಹೊಲಕ್ಕೆ ಬರುತ್ತಾರೋ ಅವರಿಗೆ ಹೊಲದ ಹೆಸರು. ಆಗ್ನೆಸ್ ಲೆಕ್ಕದಲ್ಲಿ ನಾನೂರು ವರ್ಷದಲ್ಲಿ ಏಳು ಸಲ ಈ ಹೆಸರು ಹೆಣ್ಣುಮಗಳ ಕೈ ಹಿಡಿದೇ ಮುಂದೆ ಹೋಗಿತ್ತು. ಬಂದ ಗಂಡಸರೆಲ್ಲ ತಮ್ಮ ಹೆಸರನ್ನು ಬಾಗಿಲಾಚೆ ಬಿಟ್ಟು ಒಳಗೆ ಬಂದವರು.

ಲುಡ್ಗರನ ಹುಟ್ಟುಹೆಸರು ರಾಮರ್ಟ್. ಅವನ ಅಪ್ಪ ಪಕ್ಕದ ಊರಿನಲ್ಲಿ ಬಡಗಿ. ಒರಟ, ಆದರೆ ಕೈಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹುಡುಗ ಹದಿನೈದು ತುಂಬಿ ಮೊದಲ ಕುರ್ಚಿ ಮಾಡಿದ ದಿನ ಅಪ್ಪ ಓಕ್ ಮರದ ಹಲಗೆಯಲ್ಲಿ 'ರಾಮರ್ಟ್ ಮತ್ತು ಮಗ' ಎಂದು ಕೆತ್ತಿ ಕಾರ್ಖಾನೆಯ ಬಾಗಿಲ ಮೇಲೆ ಹೊಡೆದಿದ್ದ. ಹತ್ತು ವರ್ಷ ಕಳೆದು ಲುಡ್ಗರ್ ಥೆಕ್ಲಾ ಪೊಗ್ಗೆಮೋರಳನ್ನು ಮೆಚ್ಚಿದ. ಅವಳು ಹೊಲ ಬಿಟ್ಟು ಬರುವಂತಿರಲಿಲ್ಲ. ಇವನು ಹೋದ, ಹೆಸರನ್ನೂ ಬಿಟ್ಟ. ಅಪ್ಪ ಮದುವೆಗೆ ಬರಲಿಲ್ಲ. ಅದೇ ದಿನ ಏಣಿ ಹತ್ತಿ ಹಲಗೆಯಿಂದ 'ಮತ್ತು ಮಗ' ಎಂಬಷ್ಟನ್ನು ಗರಗಸದಲ್ಲಿ ಕೊಯ್ದು ಕೆಳಗೆ ಬೀಳಿಸಿದ. ಆಮೇಲೆ ಹನ್ನೆರಡು ವರ್ಷ ಬದುಕಿದ್ದ ಪುಣ್ಯಾತ್ಮ ಮಗನ ಜೊತೆ ಒಂದು ಮಾತಾಡಲಿಲ್ಲ. ಅವನ ಸಾವಿನ ಸುದ್ದಿ ಪತ್ರಿಕೆಯಲ್ಲಿ ಬಂದಾಗ ದುಃಖತಪ್ತರ ಸಾಲಿನಲ್ಲಿ ತಮ್ಮಂದಿರ ಹೆಸರಿತ್ತು, ಸೊಸೆಯಂದಿರ ಹೆಸರಿತ್ತು, ಲುಡ್ಗರನದಿರಲಿಲ್ಲ. ಮಣ್ಣು ಮಾಡಿ ಬರುವಾಗ ಅಮ್ಮ ಕೋಟಿನ ಒಳಗಿಂದ ಒಂದು ಮರದ ತುಂಡು ತೆಗೆದು ಅವನ ಕೈಗಿಟ್ಟಳು. 'ಮತ್ತು ಮಗ.' ಅದನ್ನವನು ಕೊಟ್ಟಿಗೆಯ ಅಟ್ಟದಲ್ಲಿ ಹಳೆಯ ಕುದುರೆ ಜೀನಿನ ಹಿಂದೆ ಇಟ್ಟ. ಥೆಕ್ಲಾಗೂ ತೋರಿಸಲಿಲ್ಲ. ಅವಳು ತೀರಿಕೊಂಡು ಈಗ ಮೂರು ವರ್ಷ.

ಹೊಸದರಲ್ಲಿ ಇನ್ನೊಂದು ಫಜೀತಿ ಆಗಿತ್ತು. ಆಗ್ನೆಸ್ ಬೇಲಿಯಾಚೆಯಿಂದ "ಪೊಗ್ಗೆಮೋರ್!" ಎಂದು ಕೂಗಿದರೆ ಇವನು ಮಾವನನ್ನು ಹುಡುಕುತ್ತ ಹಿಂದೆ ತಿರುಗಿ ನೋಡುತ್ತಿದ್ದ. ತನ್ನನ್ನೇ ಎಂದು ತಲೆಗೆ ಹೋಗಲು ಒಂದು ವರ್ಷ ಹಿಡಿಯಿತು. ಆ ವರ್ಷ ಪಟ್ಟ ಸಂಕಟ ಅವನಿಗೇ ಗೊತ್ತು. ಅಷ್ಟು ಬೆಲೆ ತೆತ್ತು ಹೊತ್ತುಕೊಂಡ ಹೆಸರು ತನ್ನ ಕಣ್ಣೆದುರೇ ಮುಗಿದುಹೋದರೆ ಅಪ್ಪನನ್ನು ಕಳಕೊಂಡದ್ದು ಯಾವ ಪುರುಷಾರ್ಥಕ್ಕೆ? ಈ ಪ್ರಶ್ನೆ ಅವನನ್ನು ಹಗಲೂ ರಾತ್ರಿಯೂ ಕೊರೆಯುತ್ತಿತ್ತು.

ಗುರುವಾರ ನಾಲ್ಕೂವರೆಗೆ ಅಂಗಳಕ್ಕೆ ಒಂದು ಪುಟ್ಟ ಕಾರು ಬಂತು. ಇಳಿದವಳು ಮಾಲ್ಟೆಯ ತಾಯಿ ರೋಸ್ವಿತಾ ವೆಲ್ಟ್ರುಪ್. ರೈನೆ ಪೇಟೆಯವಳು, ಬಸ್ ಡ್ರೈವರನ ವಿಧವೆ. ಮಾಲ್ಟೆ ಅವಳಿಗೆ ಒಬ್ಬನೇ ಮಗ. ಕೊಟ್ಟಿಗೆಯಲ್ಲಿ ಹೂವು ಸುತ್ತುತ್ತಿದ್ದವರ ಬಾಯಿ ಗಪ್ಪಾಯಿತು.

"ಕಾಫಿ ಬೇಡ. ನಿಂತೇ ಮಾತಾಡ್ತೀನಿ," ಎಂದಳು ರೋಸ್ವಿತಾ. ಲುಡ್ಗರ್ ಅವಳನ್ನು ಮನೆಯ ಗೋಡೆಯ ಮರೆಗೆ ಕರೆದೊಯ್ದ.

"ಮಾಲ್ಟೆ ನನಗೆ ಏನೂ ಹೇಳಿಲ್ಲ," ಎಂದಳು. "ನಿನ್ನೆ ಬಂದ. ಬಾಗಿಲಲ್ಲಿರೋ ಅಪ್ಪನ ಹೆಸರಿನ ಫಲಕ ಇದೆಯಲ್ಲ, ಅದನ್ನ ಅರ್ಧ ಗಂಟೆ ಒರೆಸಿದ. ಕ್ರಿಸ್‌ಮಸ್‌ಗೂ ಒರೆಸದವನು! ಆಗಲೇ ನನಗೆ ಗೊತ್ತಾಯ್ತು. ಆಮೇಲೆ ಬಾಯಿ ಬಿಡಿಸಿದೆ."

"ಇದು ಇಲ್ಲಿನ ಪದ್ಧತಿ, ರೋಸ್ವಿತಾ. ನಾನೂ ಹಾಗೇ ಬಂದವನು."

"ಗೊತ್ತು. ಅದಕ್ಕೇ ನಿಮ್ಮನ್ನೇ ಕೇಳೋಣ ಅಂತ ಬಂದೆ. ನಿಮ್ಮಪ್ಪ ಏನಂದ್ರು ಅವತ್ತು?"

ಲುಡ್ಗರ್ ನೆಲ ನೋಡಿದ. "ಏನೂ ಅನ್ನಲಿಲ್ಲ."

ಆ ಮಾತು ಅಕ್ಷರಶಃ ನಿಜವಾಗಿತ್ತು. ರೋಸ್ವಿತಾಗೆ ಅದರ ಅರ್ಥವಾಗುವಂತಿರಲಿಲ್ಲ.

"ದೊಡ್ಡ ಮನುಷ್ಯ ಇರಬೇಕು," ಎಂದಳು. "ನಾನು ಅಷ್ಟು ದೊಡ್ಡವಳಲ್ಲಪ್ಪ. ನಾಳೆ ಬರ್ತೀನಿ, ನಗ್ತೀನಿ, ಕೇಕೂ ತಿಂತೀನಿ. ಹುಡುಗನ ಮೇಲೆ ಸಿಟ್ಟಿಲ್ಲ. ಆದ್ರೆ ಇದನ್ನ ನನ್ನ ಮನೇಲಿ ಇಟ್ಕೊಳ್ಳೋಕೆ ಆಗಲ್ಲ. ಮಗನಿಗೆ ಅಂತ ಇಪ್ಪತ್ತು ವರ್ಷ ಎತ್ತಿಟ್ಟಿದ್ದೆ. ನಿಮ್ಮ ಹತ್ರ ಕೊಟ್ಟಿಗೆ ಇದೆ, ಅಟ್ಟ ಇದೆ, ಎಲ್ಲಾದ್ರೂ ಬಿಸಾಕಿ."

ಅವನ ಕೈಗೆ ಒಂದು ಸಣ್ಣ ತಗಡಿನ ಬಿಲ್ಲೆ ಕೊಟ್ಟಳು. ಬಸ್ ಡ್ರೈವರನ ಸಮವಸ್ತ್ರದ ಎದೆಯ ಮೇಲಿನ ಬಿಲ್ಲೆ. 'ವೆಲ್ಟ್ರುಪ್' ಎಂದಿತ್ತು, ಅಂಚು ಸವೆದಿತ್ತು. ಅವನು ಏನಾದರೂ ಹೇಳುವ ಮೊದಲೇ ಅವಳು ಕಾರು ಹತ್ತಿದ್ದಳು.

ಲುಡ್ಗರ್ ಅಟ್ಟ ಹತ್ತಿದ. ಜೀನಿನ ಹಿಂದೆ ಕೈ ಹಾಕಿ ಮರದ ತುಂಡನ್ನು ಎಳೆದ. ಒಂದು ಮೊಣಕಾಲ ಮೇಲೆ ಅದನ್ನಿಟ್ಟ, ಇನ್ನೊಂದರ ಮೇಲೆ ಬಿಲ್ಲೆ ಇಟ್ಟ. ಕೆಳಗೆ ಹೆಂಗಸರು ಮತ್ತೆ ನಗತೊಡಗಿದ್ದರು. ಗರಗಸದ ಹಲ್ಲಿನ ಗುರುತುಗಳು ಮರದ ಅಂಚಿನಲ್ಲಿ ಇನ್ನೂ ಕೈಗೆ ಸಿಗುತ್ತಿದ್ದವು. ಬಡಗಿ ಕೆಲಸ ಬಲ್ಲವನಿಗೆ ಕೊಯ್ತ ನೋಡಿದರೆ ಕೈ ಗೊತ್ತಾಗುತ್ತದೆ. ಎಂದೂ ಕೈ ತಪ್ಪದ ಅಪ್ಪನ ಗರಗಸ ಆ ಕೊಯ್ತದಲ್ಲಿ ಮೂರು ಕಡೆ ಗೆರೆ ತಪ್ಪಿತ್ತು. ಇಷ್ಟು ವರ್ಷ ಅವನು ಅದನ್ನು ಗಮನಿಸಿಯೇ ಇರಲಿಲ್ಲ. ಅಯ್ಯೋ, ಮುದುಕ ಅಳುತ್ತ ಕೊಯ್ದಿದ್ದಾನೆ ಎಂದುಕೊಂಡ. ಬರೆಯಬೇಡ ತಡಿ ಎನ್ನಲು ಅಟ್ಟದಿಂದ ಇಳಿಯುವಷ್ಟರಲ್ಲಿ ಆಗ್ನೆಸ್ ಹಲಗೆ ಹಿಡಿದು ಮನೆಗೆ ಹೋಗಿಬಿಟ್ಟಿದ್ದಳು.

ಶುಕ್ರವಾರ ನೋಂದಣಿ ಕಚೇರಿಯ ಕೋಣೆಯಲ್ಲಿ ಹತ್ತು ಕುರ್ಚಿ. ಅಧಿಕಾರಿಣಿ ಕನ್ನಡಕ ಸರಿಮಾಡಿಕೊಂಡು ಓದುತ್ತಿದ್ದಳು. ಲುಡ್ಗರ್ ಮಗಳ ಪರ ಸಾಕ್ಷಿಯಾಗಿ ಮೇಜಿನ ಪಕ್ಕದಲ್ಲೇ ಕೂತಿದ್ದ. ಕಿಸೆಯಲ್ಲಿದ್ದ ಬಿಲ್ಲೆಯನ್ನು ಬೆಳಗಿನಿಂದ ಹಿಡಿದೂ ಹಿಡಿದೂ ಅದು ಬಿಸಿಯಾಗಿತ್ತು. ಹೇಳಬೇಕು ಎಂದು ನಿರ್ಧರಿಸಿಯೇ ಬಂದಿದ್ದ. ಕಾರಿನಲ್ಲಿ ಹೇಳಬೇಕೆಂದುಕೊಂಡ, ಆಗಲಿಲ್ಲ. ಮೆಟ್ಟಿಲಲ್ಲಿ ಬಾಯಿ ತೆರೆದ, ಮಗಳು ಮುಖ ತಿರುಗಿಸಿದಳು. ಹೇಳಿದರೆ ಹೆಸರು ಮುಗಿಯಿತು, ಮೂರು ಜನದ ನಂತರ ಸೊನ್ನೆ. ಹೇಳದಿದ್ದರೆ ಹಿಂದಿನ ಸಾಲಿನಲ್ಲಿ ನಗುಮುಖ ಹೊತ್ತು ಕೂತಿರುವ ಆ ಹೆಂಗಸು.

"ನೀವಿಬ್ಬರೂ ಪೊಗ್ಗೆಮೋರ್ ಎಂಬ ಹೆಸರನ್ನು ಕುಟುಂಬದ ಹೆಸರಾಗಿ ಇಟ್ಟುಕೊಳ್ಳುವುದಾಗಿ ತಿಳಿಸಿದ್ದೀರಿ," ಎಂದಳು ಅಧಿಕಾರಿಣಿ. "ಮಾಲ್ಟೆ ವೆಲ್ಟ್ರುಪ್, ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ?"

ಮಾಲ್ಟೆ ಗಂಟಲು ಸರಿಮಾಡಿಕೊಂಡ. ಗೆಸೀನೆ ಹೂಗುಚ್ಛವನ್ನು ಹಿಸುಕಿ ಹಿಡಿದಿದ್ದಳು.

"ಇಲ್ಲ," ಎಂದ ಲುಡ್ಗರ್.

ಅವನು ಎದ್ದು ನಿಂತಿದ್ದ.

"ಕೇಳಿದ್ದು ನಿಮ್ಮನ್ನಲ್ಲ, ಕೂತ್ಕೊಳ್ಳಿ," ಎಂದಳು ಅಧಿಕಾರಿಣಿ.

"ಅಪ್ಪಾ, ದಮ್ಮಯ್ಯ! ಇವತ್ತಾದ್ರೂ ಸುಮ್ನಿರು!" ಗೆಸೀನೆಯ ದನಿ ಒಡೆದಿತ್ತು.

"ಒಂದೇ ನಿಮಿಷ." ಲುಡ್ಗರ್ ಮಾಲ್ಟೆಯ ಮುಂದೆ ಹೋಗಿ ಬಿಲ್ಲೆಯನ್ನು ಅವನ ಕೋಟಿಗೆ ಚುಚ್ಚಿದ. ಪಿನ್ನು ಎರಡು ಸಲ ಜಾರಿತು. "ನಾನು ಮಾಡಿದ್ದು ತಪ್ಪು ಕಣಪ್ಪ. ನಿನ್ನ ಹೆಸರು ನಿನಗಿರಲಿ. ಸೋಮವಾರ ಹೋಗಿ ಹೊಲ ಮನೆ ಬರೆದುಕೊಡ್ತೀನಿ. ಷರತ್ತೂ ಇಲ್ಲ, ಗಿರತ್ತೂ ಇಲ್ಲ. ಗೆಸೀನೆ, ನೀನು ಯಾವ ಹೆಸರು ಬೇಕಾದ್ರೂ ಇಟ್ಕೋ. ಮಾತಾಡೋದನ್ನ ಮಾತ್ರ ಬಿಡಬೇಡ."

ಹಿಂದಿನ ಸಾಲಿನಲ್ಲಿ ರೋಸ್ವಿತಾ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಗೆಸೀನೆ ಅಪ್ಪನ ತೋಳು ಹಿಡಿದು ಅಲ್ಲಾಡಿಸಿದಳು, ಬೈಯಲೂ ಬಾರದೆ, ಅಪ್ಪಿಕೊಳ್ಳಲೂ ಬಾರದೆ. ಅಧಿಕಾರಿಣಿ ಹತ್ತು ನಿಮಿಷ ತಡೆದು ಹೊಸ ಕಾಗದ ಮುದ್ರಿಸಿ ತಂದಳು. ಇಬ್ಬರೂ ತಮ್ಮ ತಮ್ಮ ಹೆಸರನ್ನೇ ಉಳಿಸಿಕೊಂಡರು. ಹುಟ್ಟುವ ಮಕ್ಕಳಿಗೆ ವೆಲ್ಟ್ರುಪ್ ಎಂದಿರಲಿ ಎಂದು ಗೆಸೀನೆಯೇ ಹೇಳಿದಳು. ಲುಡ್ಗರ್ ತುಟಿ ಕಚ್ಚಿ ತಲೆಯಾಡಿಸಿದ.

"ಸಾಕ್ಷಿಯ ಹೆಸರು?" ಎಂದಳು ಅಧಿಕಾರಿಣಿ.

"ಲುಡ್ಗರ್ ಪೊಗ್ಗೆಮೋರ್." ಆಮೇಲೆ ಸೇರಿಸಿದ, "ಹುಟ್ಟಿದ್ದು ರಾಮರ್ಟ್."

"ಹುಟ್ಟುಹೆಸರು ಬೇಕಾಗಿಲ್ಲ."

"ಬೇಕು. ಬರೀರಿ."

ಅವಳು ಅವನ ಮುಖ ನೋಡಿ ಬರೆದಳು. ನಲವತ್ತೊಂದು ವರ್ಷದ ಮೇಲೆ ಆ ಹೆಸರು ಅವನ ಬಾಯಿಂದ ಹೊರಬಂದಿತ್ತು.

ಮನೆಗೆ ಬಂದಾಗ ಅಂಗಳದಲ್ಲಿ ಎಲ್ಲ ನೆರೆಯವರೂ ಲೋಟ ಹಿಡಿದು ನಿಂತಿದ್ದರು. ಬಾಗಿಲಿನ ಮೇಲೆ ನಾನೂರು ಬಿಳಿ ಹೂವಿನ ತೋರಣ, ಅದರ ನಡುವೆ ಆಗ್ನೆಸ್ಸಳ ಹಲಗೆ. 'ಗೆಸೀನೆ, ಮಾಲ್ಟೆ' ಎಂದಷ್ಟೇ ಬರೆದಿದ್ದಳು, ಪಕ್ಕದಲ್ಲಿ ಜಾಗ ಬಿಟ್ಟಿದ್ದಳು. ಲುಡ್ಗರ್ ಅವಳ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ಹೆಸರು ಇಲ್ಲಿಗೆ ಮುಗೀತು ಆಗ್ನೆಸ್. ನಿನ್ನ ಜಾತಕದಲ್ಲಿ ಕೊನೇ ಗೆರೆ ಎಳೆದುಬಿಡು," ಎಂದ. ಗಾಳಿಗೆ ತೋರಣದ ಎಡತುದಿ ಕಿತ್ತು ಜೋತಾಡುತ್ತಿತ್ತು, ಅವಳ ಗಮನ ಅದರ ಮೇಲಿತ್ತು. ಗೋಡೆಗೆ ಒರಗಿಸಿದ್ದ ಏಣಿಯ ಹತ್ತಿರ ಹೋಗಿ ನಿಂತಳು.

"ಪೊಗ್ಗೆಮೋರ್!" ಎಂದು ಕೂಗಿದಳು. "ಬಾರೋ ಇಲ್ಲಿ! ಏಣಿ ಹಿಡಿ!"

ಲುಡ್ಗರ್ ಅಭ್ಯಾಸಬಲದಿಂದ ಹೆಜ್ಜೆ ಎತ್ತಿದ. ಅಷ್ಟರಲ್ಲಿ ಎದೆಯ ಮೇಲೆ ವೆಲ್ಟ್ರುಪ್ ಬಿಲ್ಲೆ ಹೊತ್ತ ಮಾಲ್ಟೆ ಕೈಯಲ್ಲಿದ್ದ ಲೋಟವನ್ನು ತಾಯಿಯ ಕೈಗೆ ಕೊಟ್ಟು, "ಬಂದೆ ಬಂದೆ," ಎನ್ನುತ್ತ ಅಂಗಳ ದಾಟಿದ. ಹಿಂದೆ ತಿರುಗಿ ನೋಡಲಿಲ್ಲ, ಯಾರನ್ನು ಕರೆದದ್ದೆಂದು ಕೇಳಲೂ ಇಲ್ಲ. ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತ.

ಲುಡ್ಗರ್ ಎತ್ತಿದ ಕಾಲನ್ನು ಮೆಲ್ಲನೆ ಕೆಳಗಿಟ್ಟ. ರೋಸ್ವಿತಾ ಅವನ ಪಕ್ಕಕ್ಕೆ ಬಂದು ಮಗನ ಲೋಟವನ್ನು ಅವನಿಗೆ ಕೊಟ್ಟಳು, ಅವನು ಕುಡಿದ.