ಪೂಜೆಯ ಮರುದಿನ ನಡುಗಿದ ಕಾರು

ಆಯುಧಪೂಜೆಗೆ ಅಪ್ಪ ಬಾನೆಟ್ ಎತ್ತಿ ಎಂಜಿನ್ನಿಗೂ ಪೈಪಿನಲ್ಲಿ ನೀರು ಬಿಟ್ಟು ತೊಳೆದಿದ್ದರು. ಮರುದಿನದಿಂದ ನಮ್ಮ ಹಳೇ ಕಾರು ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ನಡುಗಿ ಆಫ್ ಆಗುತ್ತಿತ್ತು. ಮಂಡಿ ಮೊಹಲ್ಲಾದ ಮೆಕ್ಯಾನಿಕ್, "ಎಂಜಿನ್ನೇ ಹೋಗಿದೆ, ಮಾರ್ಬುಡಿ ಸಾರ್" ಅಂದ. ಅಪ್ಪ ಒಪ್ಪಿಯೂಬಿಟ್ಟರು.

"ಎಂಜಿನ್ ಹೋಗಿದ್ರೆ ಓಡುವಾಗ ಯಾಕೆ ಸರಿಯಾಗಿರತ್ತೆ?" ಎಂದೆ.

"ಕಾಲೇಜಲ್ಲಿ ಸಾಲ್ದು ಅಂತ ಇಲ್ಲೂ ಡಿಬೇಟೇನೋ?" ಎಂದು ಅಪ್ಪ ರೇಗಿದರು.

ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಸೆನ್ಸರಿಗೆ ನೀರು ಹೊಕ್ಕಿರಬಹುದೆಂದು ಅದರ ವೈರು ಕಿತ್ತು, ಕಾರು ಸ್ಟಾರ್ಟ್ ಮಾಡಿಸಿದೆ. ಸೆನ್ಸರಿನ ಲೆಕ್ಕ ಸಿಗದೆ ಕಂಪ್ಯೂಟರ್ ತನ್ನದೇ ಅಂದಾಜಿನಲ್ಲಿ ಎಂಜಿನ್ ನಡೆಸಿತು; ಕಾರು ನಡುಗಲಿಲ್ಲ. ನೀರು ಹೊಕ್ಕ ಸೆನ್ಸರ್ ಕಾರಿನ ಕಂಪ್ಯೂಟರಿಗೆ ಸುಳ್ಳು ಹೇಳುತ್ತಿತ್ತು, ಅಷ್ಟೇ.

ಹೊಸದನ್ನು ಹಾಕಿದ ಮೆಕ್ಯಾನಿಕ್, "ನಿಮ್ಮ ಮಗನ್ನ ಇಲ್ಲೇ ಬುಟ್ಟೋಗಿ ಸಾರ್" ಅಂದ.

"ಬೇಡಪ್ಪ, ಇವನ ಡಿಬೇಟಿಗೆ ನಿನ್ ಗಿರಾಕಿಗಳೆಲ್ಲ ಓಡೋಗ್ತಾರೆ" ಎನ್ನುತ್ತ ಅಪ್ಪ ಕಾರನ್ನು ಮನೆಯತ್ತ ತಿರುಗಿಸಿದರು.